ಕೊಲೆಸ್ಟ್ರಾಲ್ ಇಳಿಸುವುದು ಹೇಗೆ? ಎಣ್ಣೆ ಡಬ್ಬಿಯಿಂದ ಶುರು ಮಾಡಿ

ಆಫೀಸಿನ ವಾರ್ಷಿಕ ತಪಾಸಣೆಯ ರಿಪೋರ್ಟ್ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಲಿಪಿಡ್ ಪ್ರೊಫೈಲ್ ಎಂಬಲ್ಲಿ ಎರಡು ಮೂರು ಅಂಕಿ ಕೆಂಪಾಗಿರುತ್ತವೆ. ಅವತ್ತೇ ಮನೆಯಲ್ಲಿ ಮೊಟ್ಟೆ ಬಂದ್, ತುಪ್ಪ ಬಂದ್, ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಶುರು. ಒಂದೆರಡು ವಾರ ನಡೆಯುತ್ತದೆ. ಆಮೇಲೆ ಡೊಂಬಿವ್ಲಿಯಲ್ಲೊಂದು ಸತ್ಯನಾರಾಯಣ ಪೂಜೆ, ಮುಲುಂಡ್‌ನಲ್ಲೊಂದು ಮದುವೆ, ಮತ್ತೆ ಹಳೇ ದಾರಿ.

ಎಲ್ಲವನ್ನೂ ಒಟ್ಟಿಗೆ ಬಿಡಲು ಹೋದರೆ ಹೀಗೇ ಆಗುವುದು. ಜಾಸ್ತಿ ಫಲ ಕೊಡುವ ಎರಡು ಮೂರು ಬದಲಾವಣೆ ಹಿಡಿದು ಮೂರು ತಿಂಗಳು ಬಿಡದೆ ಮಾಡುವುದು ಮೇಲು. ಮುಂಬೈ ಕನ್ನಡಿಗರಿಗೆ ಇಲ್ಲೊಂದು ಅನುಕೂಲವೂ ಇದೆ. ನಮ್ಮ ಕರಾವಳಿಯ ಕಾಯಿ-ಅಕ್ಕಿ ಊಟದಲ್ಲಿ ಏನು ಕಡಿಮೆ ಬೀಳುತ್ತದೋ ಅದು ಪಕ್ಕದ ಮರಾಠಿ ಮನೆಯ ಉಸಳ್ (ಮೊಳಕೆಕಾಳಿನ ಪಲ್ಯ), ಭಾಕ್ರಿಯಲ್ಲಿದೆ (ಜೋಳ-ಸಜ್ಜೆಯ ರೊಟ್ಟಿ). ಓಟ್ಸ್, ಆಲಿವ್ ಎಣ್ಣೆ ಹುಡುಕಿಕೊಂಡು ಮಾಲ್‌ಗೆ ಹೋಗಬೇಕಿಲ್ಲ.

ಮೊದಲು ರಿಪೋರ್ಟ್ ಓದಿ

ಹೆಚ್ಚಿನವರು ಒಟ್ಟು ಕೊಲೆಸ್ಟ್ರಾಲ್ ಮಾತ್ರ ನೋಡುತ್ತಾರೆ. 200 ದಾಟಿದರೆ ಗಾಬರಿ, ದಾಟದಿದ್ದರೆ ನಿರಾಳ. ನಿಜವಾಗಿ ನೋಡಬೇಕಾದ್ದು ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’. ರಕ್ತನಾಳದ ಗೋಡೆಯಲ್ಲಿ ಕೂತು ದಾರಿ ಕಿರಿದು ಮಾಡುವುದು ಇದೇ. ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು. 130ರಿಂದ 159 ಅಂಚಿನ ಮಟ್ಟ. 160 ದಾಟಿದರೆ ಹೆಚ್ಚು. ‘ಒಳ್ಳೆಯ ಕೊಲೆಸ್ಟ್ರಾಲ್’ ಅನ್ನುವ ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕೆಳಗೆ ಇರಬಾರದು. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್, ಅದು 150ರ ಒಳಗಿರಲಿ.

ಯಾವ ಅಂಕಿ ಕೆಟ್ಟಿದೆ ಅನ್ನುವುದರ ಮೇಲೆ ಏನು ಬದಲಿಸಬೇಕು ಅನ್ನುವುದು ನಿಂತಿದೆ. ಎಲ್‌ಡಿಎಲ್ ಏರಿದ್ದರೆ ಕೊಬ್ಬಿನ ಜಾತಿ ನೋಡಿ. ಟ್ರೈಗ್ಲಿಸರೈಡ್ ಏರಿದ್ದರೆ ಸಕ್ಕರೆ, ಬಿಳಿ ಅನ್ನದ ರಾಶಿ, ಬಿಯರು, ಹೊಟ್ಟೆಯ ಸುತ್ತಳತೆ ನೋಡಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊಟ್ಟೆ ಬಿಟ್ಟು, ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಕಟಿಂಗ್ ಚಹಾ ಕುಡಿಯುತ್ತಾ ಟ್ರೈಗ್ಲಿಸರೈಡ್ ಯಾಕೆ ಇಳಿಯಲಿಲ್ಲ ಅಂತ ಕೇಳುತ್ತಾರೆ.

ಕೆಲವರು ಈ ಲೇಖನ ನೋಡಿಕೊಂಡು ಮೂರು ತಿಂಗಳು ಕಾಯುವ ಹಾಗೇ ಇಲ್ಲ. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಜಾಸ್ತಿ ಇದ್ದವರು, ಹೃದಯಾಘಾತ, ಸ್ಟೆಂಟ್ ಅಥವಾ ಪಾರ್ಶ್ವವಾಯು ಆದವರು, ವಯಸ್ಸು 40 ದಾಟಿದ ಸಕ್ಕರೆ ಕಾಯಿಲೆಯವರು ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಟ್ರೈಗ್ಲಿಸರೈಡ್ 500 ದಾಟಿದವರೂ ಅಷ್ಟೇ, ಅದು ಮೇದೋಜೀರಕ ಗ್ರಂಥಿಗೆ ಅಪಾಯ. ಇವರಿಗೆಲ್ಲ ಊಟದ ಬದಲಾವಣೆ ಔಷಧಿಯ ಜೊತೆಗೆ ನಡೆಯಬೇಕಾದ್ದು, ಔಷಧಿಯ ಬದಲಿಗೆ ಅಲ್ಲ. ವಂಶದಿಂದಲೇ ಬರುವ ಹೆಚ್ಚಿನ ಕೊಲೆಸ್ಟ್ರಾಲ್ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅಪ್ಪನಿಗೋ ಚಿಕ್ಕಪ್ಪನಿಗೋ 50ರ ಒಳಗೇ ಹೃದಯಾಘಾತ ಆಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೂ ಎಲ್‌ಡಿಎಲ್ ಏರುತ್ತದೆ. ಊಟ ಸರಿಯಿದ್ದೂ ಅಂಕಿ ಏರಿದೆ ಅಂದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಕೇಳಿ ಮಾಡಿಸಿ.

ಎಣ್ಣೆ ಡಬ್ಬಿ ಮತ್ತು ಕಾಯಿ

ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ದೇಹವೇ ಮಾಡಿಕೊಂಡದ್ದು. ಅದರಲ್ಲಿ ಲಿವರಿನ ಪಾತ್ರ ದೊಡ್ಡದು. ಮಾಡುವುದೂ ಲಿವರು, ರಕ್ತದಿಂದ ವಾಪಸ್ ಎಳೆದುಕೊಳ್ಳುವುದೂ ಲಿವರು. ಎಲ್‌ಡಿಎಲ್ ಕಣ ಹತ್ತಿರ ಬಂದಾಗ ಹಿಡಿದುಕೊಳ್ಳಲು ಲಿವರಿನ ಜೀವಕೋಶಗಳ ಮೇಲೆ ಕೊಕ್ಕೆಗಳಂಥ ಗ್ರಾಹಕಗಳಿವೆ. ಇವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ತೆಂಗಿನೆಣ್ಣೆಯ ಹಾಗೆ ತಣ್ಣಗಾದರೆ ಗಟ್ಟಿಯಾಗುವ ಜಾತಿಯದು) ಜಾಸ್ತಿ ತಿಂದರೆ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ಅದಕ್ಕೇ ಮೊದಲು ಎಣ್ಣೆ ಡಬ್ಬಿ ನೋಡಿ ಅಂದದ್ದು.

ತೆಂಗಿನೆಣ್ಣೆಯಲ್ಲಿ ಶೇ 85ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲಿ ಸುಮಾರು ಶೇ 60, ತಾಳೆ ಎಣ್ಣೆಯಲ್ಲಿ ಅರ್ಧ. ಶೇಂಗಾ ಎಣ್ಣೆಯಲ್ಲಿ ಶೇ 20ರ ಒಳಗೆ, ಎಳ್ಳೆಣ್ಣೆಯಲ್ಲಿ ಸುಮಾರು 15, ಸೂರ್ಯಕಾಂತಿಯಲ್ಲಿ ಇನ್ನೂ ಕಡಿಮೆ. ಡಬ್ಬಿಯ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಹಸಿರು ಚೀಟಿಗೆ ಮರುಳಾಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ತಾಳೆ ಎಣ್ಣೆಯಲ್ಲೂ ಇಲ್ಲ. ನೋಡಬೇಕಾದ್ದು ಹಿಂದುಗಡೆ ಸಣ್ಣಕ್ಷರದಲ್ಲಿರುವ ಸ್ಯಾಚುರೇಟೆಡ್ ಕೊಬ್ಬಿನ ಅಂಕಿ.

ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಎಲ್‌ಡಿಎಲ್ ಇಳಿಸಬೇಕಾದರೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 13 ಗ್ರಾಂ ಒಳಗಿರಬೇಕು. ಈಗ ನಮ್ಮ ಮನೆಯ ಲೆಕ್ಕ ಹಾಕಿ. ಹಸಿ ಕಾಯಿತುರಿ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಒಬ್ಬರ ಪಾಲಿಗೆ 30 ಗ್ರಾಂ ತುರಿ ಬಂದರೆ ಅಲ್ಲಿಗೇ 9 ಗ್ರಾಂ ಆಯಿತು. ಮಧ್ಯಾಹ್ನ ಗಸಿ, ಸಂಜೆ ಪಲ್ಯದ ಮೇಲೆ ತುರಿ, ನಡುವೆ ಇಡ್ಲಿಗೆ ಚಟ್ನಿ, ಮೇಲೆ ತೆಂಗಿನೆಣ್ಣೆಯ ಒಗ್ಗರಣೆ ಅಂದರೆ ದಿನದ ಪಾಲು ಎಲ್ಲೋ ದಾಟಿ ಹೋಗಿರುತ್ತದೆ.

ಕಾಯಿ ಪೂರ್ತಿ ಬಿಡಿ ಅಂತ ಉಡುಪಿ, ಕುಂದಾಪುರದವರಿಗೆ ಹೇಳುವ ಧೈರ್ಯ ನನಗಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ‘ನಮ್ಮಜ್ಜ ತೊಂಬತ್ತು ವರ್ಷ ತೆಂಗಿನೆಣ್ಣೆ ತಿಂದೇ ಬದುಕಿದರು’ ಅನ್ನುವ ಮಾತು ಬಂದೇ ಬರುತ್ತದೆ. ಅಜ್ಜ ಗದ್ದೆಯಲ್ಲಿ ದುಡಿಯುತ್ತಿದ್ದರು. ನಾವು ವಿರಾರ್ ಲೋಕಲ್‌ನಲ್ಲಿ ನಿಂತು, ಆಫೀಸಿನಲ್ಲಿ ಕೂತು ದಿನ ಕಳೆಯುತ್ತೇವೆ. ಅಜ್ಜನ ಊಟ ಬೇಕಾದರೆ ಅಜ್ಜನ ದುಡಿಮೆಯೂ ಬೇಕು, ಅಲ್ವಾ?

ಹಾಗಾಗಿ ಹೀಗೆ ಮಾಡಿ. ದಿನಬಳಕೆಗೆ ತೆಂಗಿನೆಣ್ಣೆ, ವನಸ್ಪತಿ, ತಾಳೆ ಎಣ್ಣೆ ಬೇಡ. ಶೇಂಗಾ, ಎಳ್ಳು, ಸಾಸಿವೆ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ ನಿಮ್ಮ ನಾಲಿಗೆಗೆ ಹಿಡಿಸಿದ್ದು ತನ್ನಿ. ಪರಿಮಳಕ್ಕೆ ಬೇಕಾದ ಕಡೆ ಮಾತ್ರ ಕೊನೆಯಲ್ಲಿ ಅರ್ಧ ಚಮಚ ತೆಂಗಿನೆಣ್ಣೆ. ಸಾರು-ಸಾಂಬಾರಿಗೆ ಕಾಯಿ ರುಬ್ಬುವ ಬದಲು ಬೆಂದ ಬೇಳೆಯನ್ನೇ ಕಡೆದು ಮಂದ ಮಾಡಿ. ಚಟ್ನಿಗೆ ಅರ್ಧ ಕಾಯಿ, ಅರ್ಧ ಹುರಿಗಡಲೆ ಹಾಕಿ, ಜೊತೆಗೆ ಕೊತ್ತಂಬರಿ ಸೊಪ್ಪು. ಕಾಯಿಹಾಲಿನ ಗಸಿ ಭಾನುವಾರಕ್ಕೆ ಇರಲಿ.

ನಾಲ್ಕು ದೊಡ್ಡವರ ಮನೆಗೆ ತಿಂಗಳಿಗೆ 2 ಲೀಟರ್ ಎಣ್ಣೆ ಸಾಕು. ತಲೆಗೆ ದಿನಕ್ಕೆ ಮೂರು ಟೀ ಚಮಚದಷ್ಟು ಬೀಳುತ್ತದೆ. ತಿಂಗಳ ಮೊದಲ ದಿನ ಅಷ್ಟೇ ಎಣ್ಣೆ ತೆಗೆದು ಬೇರೆ ಡಬ್ಬಿಗೆ ಹಾಕಿಡಿ, ಅದರಲ್ಲೇ ತಿಂಗಳು ಮುಗಿಸಿ. ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಇನ್ನೂ ಮುಖ್ಯ. ನಿಮ್ಮ ಜೋಳದ ರೊಟ್ಟಿಗೆ ಎಣ್ಣೆ ಬೇಕಿಲ್ಲ, ಅದು ಬಂಗಾರ. ಆದರೆ ಬದನೆಕಾಯಿ ಎಣ್ಣೆಗಾಯಿ ಇಡೀ ವಾರದ ಎಣ್ಣೆ ಕುಡಿದಿರುತ್ತದೆ.

ಕಾಳು ದಿನಾ ಬರಲಿ

ಬಿಡುವುದಾಯಿತು, ಈಗ ಸೇರಿಸುವುದು. ಕಾಳಿನಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಹೊಸ ಪಿತ್ತರಸ ಮಾಡಲು ಲಿವರಿಗೆ ಕೊಲೆಸ್ಟ್ರಾಲ್ ಬೇಕು. ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ದಿನಕ್ಕೆ ಒಂದು ಬಟ್ಟಲು, ಅಂದರೆ ಸುಮಾರು 130 ಗ್ರಾಂ ಬೆಂದ ಕಾಳು ತಿಂದರೆ ಎಲ್‌ಡಿಎಲ್ ಸರಾಸರಿ ಶೇ 5ರಷ್ಟು ಇಳಿಯುತ್ತದೆ.

ದಾದರ್, ಮಾಟುಂಗಾ ಮಾರ್ಕೆಟ್‌ನಲ್ಲಿ ಮೊಳಕೆ ಬಂದ ಮಟ್ಕಿ (ಮಡಕೆ ಕಾಳು), ಹೆಸರುಕಾಳು ತಯಾರಾಗಿಯೇ ಸಿಗುತ್ತದೆ. ಒಂದು ಚಮಚ ಎಣ್ಣೆ, ಸಾಸಿವೆ, ಈರುಳ್ಳಿ, ಗೋಡಾ ಮಸಾಲೆ ಹಾಕಿ ಉಸಳ್ ಮಾಡಿದರೆ ಡಬ್ಬಾಕ್ಕೂ ಆಯಿತು, ರಾತ್ರಿಗೂ ಆಯಿತು. ಮಿಸಳ್ ಕೂಡ ಇದೇ ಕಾಳು, ಆದರೆ ಮೇಲೆ ತೇಲುವ ಎಣ್ಣೆಯ ತರ್ರಿ ಮತ್ತು ಕರಿದ ಫರ್ಸಾಣ್ ಲೆಕ್ಕ ಕೆಡಿಸುತ್ತವೆ. ಮನೆಯಲ್ಲಿ ಹುರುಳಿಸಾರು, ಕಡಲೆ ಗಸಿ (ಕಾಯಿ ಕಡಿಮೆ), ಅಲಸಂದೆ ಪಲ್ಯ ಸರದಿಯಲ್ಲಿ ಬರಲಿ. ಬೆಂಡೆಕಾಯಿ, ಬದನೆ, ಪೇರಲೆ, ಸೇಬುಗಳಲ್ಲೂ ಕರಗುವ ನಾರಿದೆ. ರಾತ್ರಿಯ ಅನ್ನದ ಬದಲು ವಾರದಲ್ಲಿ ನಾಲ್ಕು ದಿನ ಜೋಳ ಅಥವಾ ಸಜ್ಜೆ ಭಾಕ್ರಿ ಮಾಡಿ. ತಟ್ಟಲು ಬರದಿದ್ದರೆ ಪೋಳಿ-ಭಾಜಿ ಕೇಂದ್ರಗಳಲ್ಲಿ ಬಿಸಿ ಭಾಕ್ರಿ ಸಿಗುತ್ತದೆ, ನಾಚಿಕೆಯೇನೂ ಬೇಡ.

ಇಸಬ್‌ಗೋಲ್ ಮಲಬದ್ಧತೆಗೆ ಮಾತ್ರ ಅಂದುಕೊಂಡಿದ್ದೀರಾ? ದಿನಕ್ಕೆ 10 ಗ್ರಾಂ ತೆಗೆದುಕೊಂಡರೆ ಎಲ್‌ಡಿಎಲ್ ಶೇ 5ರಿಂದ 10ರವರೆಗೆ ಇಳಿಯಬಹುದು. ಒಂದು ಚಮಚದಿಂದ ಶುರು ಮಾಡಿ, ಪ್ರತಿಸಲ ದೊಡ್ಡ ಲೋಟ ತುಂಬ ನೀರು ಕುಡಿಯಿರಿ. ಥೈರಾಯ್ಡ್ ಅಥವಾ ಬೇರೆ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇಡಿ. ದಿನಾ ಒಂದು ಹಿಡಿ ಶೇಂಗಾ ಅಥವಾ ಬಾದಾಮಿಯೂ ಒಳ್ಳೆಯದೇ. ಹುರಿದದ್ದಿರಲಿ, ಎಣ್ಣೆಯಲ್ಲಿ ಕರಿದದ್ದು ಬೇಡ. ನಿಂಬೆ-ಬಿಸಿನೀರು, ಹಸಿ ಬೆಳ್ಳುಳ್ಳಿ ಬೇಕಾದರೆ ತೆಗೆದುಕೊಳ್ಳಿ, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಮೀನು, ಸಿಗಡಿ, ಮೊಟ್ಟೆ

ಇಲ್ಲಿ ನಮ್ಮವರಿಗೆ ಒಳ್ಳೆಯ ಸುದ್ದಿ. ಬಂಗುಡೆ, ಬೂತಾಯಿಯಲ್ಲಿರುವ ಒಮೆಗಾ-3 ಕೊಬ್ಬು ಹೃದಯಕ್ಕೆ ಒಳ್ಳೆಯದು. ದುಬಾರಿ ಸುರ್ಮಾಯಿಗಿಂತ ಈ ಅಗ್ಗದ ಮೀನೇ ವಾಸಿ. ವಾರಕ್ಕೆ ಎರಡು ಸಲ ತಿನ್ನಿ. ಪುಳಿಮುಂಚಿ ಮಾಡಿ, ಅಥವಾ ಕಾವಲಿಯ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಬೇಯಿಸಿ. ಎಣ್ಣೆಯಲ್ಲಿ ಮುಳುಗಿಸಿ ತೆಗೆದ ರವಾ ಫ್ರೈ ಬೇರೆ ಕತೆ. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ, ಆದರೆ ಸ್ಯಾಚುರೇಟೆಡ್ ಕೊಬ್ಬು ತೀರಾ ಕಡಿಮೆ. ಸಿಗಡಿ ಗಸಿಯಲ್ಲಿ ಜಾಸ್ತಿ ತೊಂದರೆ ಕೊಡುವುದು ಸಿಗಡಿಯಲ್ಲ, ಕಾಯಿಹಾಲು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಅಡ್ಡಿಯಿಲ್ಲ. ಎಲ್‌ಡಿಎಲ್ ಹೆಚ್ಚಿದ್ದವರು, ಸಕ್ಕರೆ ಕಾಯಿಲೆಯವರು ಹಳದಿಯನ್ನು ಕಡಿಮೆ ಮಾಡಿ, ಡಾಕ್ಟರನ್ನು ಕೇಳಿ. ಮಟನ್‌ನ ಕೊಬ್ಬಿನ ತುಂಡು, ಕೋಳಿಯ ಚರ್ಮ ತೆಗೆದುಹಾಕಿ.

ಸ್ಟೇಷನ್ ಹೊರಗಿನ ತಿಂಡಿ

ಮನೆಯಲ್ಲಿ ಎಷ್ಟು ಹಿಡಿತ ಮಾಡಿದರೂ ಸಂಜೆ ಆರೂವರೆಗೆ ಸ್ಟೇಷನ್ ಹೊರಗೆ ವಡಾ ಪಾವ್ ವಾಸನೆ ಬಂದೇ ಬರುತ್ತದೆ. ವಾರಕ್ಕೊಂದು ತಿಂದರೆ ಆಕಾಶ ಬೀಳುವುದಿಲ್ಲ. ಕಪ್ಪಗಾದ, ಮತ್ತೆ ಮತ್ತೆ ಕಾಸಿದ ಎಣ್ಣೆ ಕಂಡರೆ ಮಾತ್ರ ಮುಂದೆ ನಡೆಯಿರಿ. 2022ರ ಜನವರಿಯಿಂದ ದೇಶದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು) ಶೇ 2 ಮೀರುವಂತಿಲ್ಲ ಎಂಬ ನಿಯಮವಿದೆ. ಹಾಗಂತ ಬೇಕರಿಯ ಖಾರಿ, ಬಟರ್ ಬಿಸ್ಕತ್ತು, ನಾನ್‌ಕಟಾಯಿ ಒಳ್ಳೆಯವಾಗಲಿಲ್ಲ, ಸ್ಯಾಚುರೇಟೆಡ್ ಕೊಬ್ಬು ಅವುಗಳಲ್ಲಿ ಹಾಗೇ ಇದೆ.

ಹಸಿವು ಹೊತ್ತುಕೊಂಡು ಸ್ಟೇಷನ್‌ಗೆ ಬರಬೇಡಿ, ಅಷ್ಟೇ ಉಪಾಯ. ನಾಲ್ಕು ಗಂಟೆಗೆ ಬ್ಯಾಗಿನಲ್ಲಿರುವ ಹುರಿಗಡಲೆ ಅಥವಾ ಬಾಳೆಹಣ್ಣು ತಿನ್ನಿ. ನಮ್ಮ ಉಡುಪಿ ಹೋಟೆಲಿಗೆ ಹೋದರೆ ಮೆದುವಡೆ ಬಿಟ್ಟು ಇಡ್ಲಿ, ಬೆಣ್ಣೆ ಹಾಕದ ದೋಸೆ, ಎರಡನೇ ಬಟ್ಟಲು ಚಟ್ನಿಯ ಬದಲು ಸಾಂಬಾರ್ ಕೇಳಿ. ಪಾವ್ ಭಾಜಿಗೆ ಬೆಣ್ಣೆ ಕಡಿಮೆ ಅಂತ ಮೊದಲೇ ಹೇಳಿದರೆ ಹಾಕುವವರಿಗೂ ಬೇಜಾರಿಲ್ಲ.

ನಡಿಗೆ, ತೂಕ, ತಂಬಾಕು

ನಡಿಗೆಯಿಂದ ಎಲ್‌ಡಿಎಲ್ ಇಳಿಯುವುದು ಸ್ವಲ್ಪವೇ. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ, ಎಚ್‌ಡಿಎಲ್ ಕೊಂಚ ಏರುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು. ಸ್ಟೇಷನ್‌ಗೆ ಶೇರ್ ರಿಕ್ಷಾ ಬಿಟ್ಟು ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ ನಡೆದರೆ ಐದು ದಿನಕ್ಕೆ ಅಷ್ಟೇ ಆಯಿತು. ಮಳೆಗಾಲದಲ್ಲಿ ಇದು ಕಷ್ಟ. ಆಗ ಬಿಲ್ಡಿಂಗಿನ ಮೆಟ್ಟಿಲು, ಕೆಳಗಿನ ಪಾರ್ಕಿಂಗ್ ಜಾಗ ಇದ್ದೇ ಇದೆ. ಮೊಣಕಾಲು ನೋವಿದ್ದವರು ಮೆಟ್ಟಿಲಿಳಿಯುವಾಗ ಲಿಫ್ಟ್ ಹಿಡಿಯಿರಿ.

ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ತೂಕ ಇಳಿಸಬೇಕು. ಈಗಿರುವ ತೂಕದ ಶೇ 5 ಇಳಿದರೂ ಟ್ರೈಗ್ಲಿಸರೈಡ್‌ನಲ್ಲಿ ಗೊತ್ತಾಗುತ್ತದೆ. ಸಿಗರೇಟ್, ಗುಟ್ಕಾ ಬಿಡಿ. ಇದಕ್ಕೆ ವಿವರಣೆ ಬೇಡ.

ಮೂರು ತಿಂಗಳ ನಂತರ

ಅದೇ ಲ್ಯಾಬಿನಲ್ಲಿ, 9ರಿಂದ 12 ಗಂಟೆ ಹೊಟ್ಟೆ ಖಾಲಿ ಇಟ್ಟು ಮತ್ತೆ ಪರೀಕ್ಷೆ ಮಾಡಿಸಿ. ನೀರು ಕುಡಿಯಬಹುದು. ಜ್ವರ, ಆಪರೇಷನ್ ಆಗಿದ್ದರೆ ಕೆಲವು ವಾರ ತಡೆಯಿರಿ. ಕಾಯಿಲೆ ಬಿದ್ದಾಗ ಕೊಲೆಸ್ಟ್ರಾಲ್ ತಾನಾಗಿಯೇ ಇಳಿದಿರುತ್ತದೆ, ಸುಮ್ನೆ ಖುಷಿಪಡುವಂತಾಗುತ್ತದೆ. ಊಟದ ಬದಲಾವಣೆಯಿಂದ ಸಾಮಾನ್ಯವಾಗಿ ಎಲ್‌ಡಿಎಲ್ ಶೇ 10ರಿಂದ 15 ಇಳಿಯುತ್ತದೆ, ಕಟ್ಟುನಿಟ್ಟಾಗಿ ಮಾಡಿದವರಿಗೆ ಇನ್ನೂ ಜಾಸ್ತಿ. 145 ಇದ್ದದ್ದು 125ಕ್ಕೆ ಬಂದರೆ ಸೋತಿರಿ ಅಂತಲ್ಲ, ಚೆನ್ನಾಗಿ ಮಾಡಿದಿರಿ ಅಂತ. ಸ್ಟ್ಯಾಟಿನ್ ಮಾತ್ರೆಗಳು ಶೇ 30ರಿಂದ 50ರವರೆಗೆ ಇಳಿಸುತ್ತವೆ. ನಿಮ್ಮ ವಯಸ್ಸು, ಬಿಪಿ, ಸಕ್ಕರೆ, ಮನೆತನದ ಚರಿತ್ರೆ ನೋಡಿ ಡಾಕ್ಟರ್ ಅದನ್ನು ಬರೆದುಕೊಟ್ಟರೆ ತೆಗೆದುಕೊಳ್ಳಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಅಂಕಿ ಇಳಿಯಿತು ಅಂತ ತಾವಾಗಿ ನಿಲ್ಲಿಸಬಾರದು. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಮೇಲೇರುತ್ತದೆ. ಮೈಕೈ ನೋವು ಬಂದರೆ ಹೇಳಿ, ಡೋಸ್ ಅಥವಾ ಮಾತ್ರೆ ಬದಲಿಸಿಕೊಡುತ್ತಾರೆ. ಹೋಗುವಾಗ ಹಳೇ ರಿಪೋರ್ಟ್, ಹೊಸ ರಿಪೋರ್ಟ್ ಎರಡನ್ನೂ ತೆಗೆದುಕೊಂಡು ಹೋಗಿ.