ಬೂಮ್ ಹಿಡಿಯೋ ಮೊದಲು ಸರ್ಟಿಫಿಕೇಟ್ ಹಿಡೀರಿ

ಬೂಮ್ ಅಂದರೆ ಉದ್ದನೆ ಕೋಲು, ತುದಿಯಲ್ಲಿ ಮೈಕು. ಅದನ್ನು ತಲೆ ಮೇಲೆ ಎತ್ತಿ ಹಿಡಿಯಬೇಕು. ಮಾತಾಡುವವರ ಬಾಯಿಗೆ ಹತ್ತಿರ ಇರಬೇಕು, ಫ್ರೇಮಿನೊಳಗೆ ಇಣುಕಬಾರದು. ನಾಲ್ಕು ನಿಮಿಷದ ಟೇಕ್ ಮುಗಿಯುವಷ್ಟರಲ್ಲಿ ಭುಜ ನಡುಗುತ್ತದೆ. ನಾಲ್ಕು ವರ್ಷದಿಂದ ನನ್ನ ಅನ್ನ ಇದೇ. ಕೂಡ್ಲಿಗಿ ಕಡೆ ಹಳ್ಳಿಯವಳು ನಾನು, ವಾಲ್ಮೀಕಿ ನಾಯಕರ ಮನೆಯವಳು, ಅಂದರೆ ಪರಿಶಿಷ್ಟ ಪಂಗಡ (ಎಸ್‌ಟಿ). ಅಪ್ಪನಿಗೆ ಎರಡೆಕರೆ ಶೇಂಗಾ ಹೊಲ.

ಊರಿನ ಹುಡುಗಿಯರು ಆಗಾಗ ಮೆಸೇಜ್ ಹಾಕುತ್ತಾರೆ. "ಅಕ್ಕಾ, ಸಿನಿಮಾ ಕೆಲಸ ಕಲಿಯೋಕೆ ಎಷ್ಟು ಲಕ್ಷ ಬೇಕು?" ಲಕ್ಷದ ಮಾತು ಆಮೇಲೆ. ಸರ್ಕಾರದ ದುಡ್ಡು ಇದೆ. ಆದರೆ ಅದು ನಿಮ್ಮ ಆಸೆ ನೋಡಿ ಬರುವುದಿಲ್ಲ, ಕಾಗದ ನೋಡಿ ಬರುತ್ತದೆ.

ಕಲಿಯುವ ಜಾಗ ಮೊದಲು ಹೇಳುತ್ತೇನೆ. ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ತುಮಕೂರು ರಸ್ತೆಯ 8ನೇ ಮೈಲಿಯಲ್ಲಿ ಒಳಕ್ಕೆ ತಿರುಗಬೇಕು. ಅಲ್ಲಿ ಛಾಯಾಗ್ರಹಣ ಮತ್ತು ಸೌಂಡ್ ಡಿಪ್ಲೊಮಾ ಇವೆ. ಮೊದಲು ಈ ಕೋರ್ಸುಗಳು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿದ್ದವು. ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಡಿಪ್ಲೊಮಾ ಪಡೆದದ್ದು ಅಲ್ಲೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಹಿಂದಿ ಸಿನಿಮಾದ ನಿರ್ದೇಶಕ ಗೋವಿಂದ್ ನಿಹಲಾನಿ ಕಲಿತದ್ದೂ ಅಲ್ಲೇ. ನಮ್ಮ ಮನೆಯಲ್ಲಿ "ಪಾಲಿಟೆಕ್ನಿಕ್" ಅಂದ ಮೇಲೇ ಒಪ್ಪಿದ್ದು. "ಸಿನಿಮಾ" ಅಂದಿದ್ದರೆ ಆ ವರ್ಷವೇ ಮದುವೆ ಮಾಡಿಬಿಡುತ್ತಿದ್ದರು.

ಈಗ ಕಾಗದ. ಅರ್ಜಿ ಕರೆಯುವ ಆರು ತಿಂಗಳ ಮೊದಲೇ ಶುರು ಮಾಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಮೊದಲು ಕೇಳುವುದೇ ಅದನ್ನು. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ, ತಾರೀಕು ನೋಡಿಕೊಳ್ಳಿ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಬರೆಸಿ, ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಸಹಿ ಹಾಕಿಸಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಲ್ಲಿ ಮೀಸಲಾತಿ ಇದೆ, ಅದರ ಪತ್ರ ಬೇರೆ. ಅದು ಅಸಿಸ್ಟೆಂಟ್ ಕಮಿಷನರ್ ಆಫೀಸಿನಿಂದ ಬರಬೇಕು, ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯುವುದು ಇದೇ. ಬೆಂಗಳೂರಿನ ಕಡೆಯ ಕಾಲೇಜಿನಲ್ಲೂ ನಮಗೆ 8% ಸೀಟು ಇರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ. 2022ರಲ್ಲಿ ರಾಜ್ಯ ಸರ್ಕಾರ ಎಸ್‌ಟಿ ಮೀಸಲಾತಿಯನ್ನು 3ರಿಂದ 7%ಗೆ, ಎಸ್‌ಸಿಯದ್ದನ್ನು 15ರಿಂದ 17%ಗೆ ಏರಿಸಿತು.

ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇರಲಿ. ನನ್ನ ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಮ್ಮ" ಇತ್ತು, ಮಾರ್ಕ್ಸ್ ಕಾರ್ಡಿನಲ್ಲಿ ಇರಲಿಲ್ಲ. ಆ ಒಂದು "ಮ್ಮ"ಗಾಗಿ ಮೂರು ಸಲ ಊರಿಗೆ ಹೋಗಿ ಬಂದೆ.

ಸ್ಕಾಲರ್‌ಶಿಪ್ ಅರ್ಜಿ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ, ಎಸ್‌ಎಸ್‌ಪಿ ಪೋರ್ಟಲ್ ಅಂತಾರೆ. ಎಸ್‌ಸಿ, ಎಸ್‌ಟಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದೊಳಗೆ ಇರಬೇಕು. ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ಮೊದಲ ವರ್ಷ ದುಡ್ಡು ಬರಲೇ ಇಲ್ಲ ಅಂತ ಹನ್ನೊಂದು ತಿಂಗಳು ಕಂಡಕಂಡವರನ್ನು ಬೈದುಕೊಂಡು ಓಡಾಡಿದೆ. ದುಡ್ಡು ಬಂದಿತ್ತು! ಹೈಸ್ಕೂಲಿನಲ್ಲಿ ತೆರೆಸಿದ್ದ ಹಳೇ ಜೀರೋ ಬ್ಯಾಲೆನ್ಸ್ ಖಾತೆಯಲ್ಲಿ ಸುಮ್ನೆ ಕೂತಿತ್ತು. ಈ ದುಡ್ಡು ನೀವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೆ ಹೋಗುವುದಿಲ್ಲ. ಆಧಾರ್ ಯಾವ ಖಾತೆಗೆ ಎನ್‌ಪಿಸಿಐ (ದೇಶದ ಬ್ಯಾಂಕ್ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮೂಲಕ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಈ ಜೋಡಣೆಗೇ ಸೀಡಿಂಗ್ ಅನ್ನುವುದು. ಬ್ಯಾಂಕಿಗೆ ಹೋದರೆ "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಬೇಡಿ, ಆಗಿದೆ ಅಂದುಬಿಡುತ್ತಾರೆ. "ಎನ್‌ಪಿಸಿಐ ಸೀಡಿಂಗ್ ಯಾವ ಬ್ಯಾಂಕಿನಲ್ಲಿದೆ" ಅಂತ ಕೇಳಿ.

ಹಾಸ್ಟೆಲ್‌ಗೆ ಅರ್ಜಿ ಬೇರೆ. ನಾನು ಸಿಟಿಯೊಳಗಿನ ಪೋಸ್ಟ್ ಮೆಟ್ರಿಕ್ ಹಾಸ್ಟೆಲ್‌ನಲ್ಲಿದ್ದೆ, ಹೆಸರಘಟ್ಟಕ್ಕೆ ದಿನಾ ಎರಡು ಬಸ್ಸು. ಊಟ, ಮಂಚ ಪುಕ್ಕಟೆ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಊಟ, ವಸತಿಗೆ ಅಂತ ಹತ್ತು ತಿಂಗಳು ಸ್ವಲ್ಪ ದುಡ್ಡು ಕೊಡುತ್ತಾರೆ. ಬೆಂಗಳೂರಿನ ಪಿಜಿ ಬಾಡಿಗೆಗೆ ಸಾಲದು, ಆದರೂ ಬಿಡಬೇಡಿ.

ಡಿಗ್ರಿ ಮುಗಿಸಿದವರಿಗೆ ಸಿನಿಮಾ ಕಲಿಯಲು ಪುಣೆಯ ಎಫ್‌ಟಿಐಐ, ಕೊಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಇವೆ. ಎರಡೂ ಕೇಂದ್ರ ಸರ್ಕಾರದವು, ಹಾಗಾಗಿ ಅಲ್ಲಿ ಎಸ್‌ಸಿಗೆ 15%, ಎಸ್‌ಟಿಗೆ 7.5%, ಹಿಂದುಳಿದ ವರ್ಗಕ್ಕೆ (ಒಬಿಸಿ) 27% ಸೀಟು. ಒಬಿಸಿಯವರು ಇಲ್ಲೇ ಎಡವುವುದು. ನಮ್ಮ 2ಎ, 3ಬಿ ಎಲ್ಲ ರಾಜ್ಯದ ಪಟ್ಟಿ. ಅಲ್ಲಿ ಕೇಳುವುದು ಕೇಂದ್ರದ ಪಟ್ಟಿ, ಕೇಂದ್ರದ ನಮೂನೆ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪತ್ರ. ನನ್ನ ಜೊತೆ ಓದಿದವಳೊಬ್ಬಳು 2ಎ ಪತ್ರ ಹಿಡಿದುಕೊಂಡು ಪುಣೆವರೆಗೂ ಹೋಗಿ ಪೇಚಾಡಿದಳು.

ಸಣ್ಣ ತರಬೇತಿಗಳ ಕಡೆಗೂ ಕಣ್ಣಿಡಿ. 2013ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಅಭಿವೃದ್ಧಿ ದುಡ್ಡಿನಲ್ಲಿ 24.1% ಪರಿಶಿಷ್ಟರಿಗೇ ಖರ್ಚಾಗಬೇಕು ಅಂತ. ಸಿನಿಮಾ, ಟೀವಿ, ಪತ್ರಿಕೋದ್ಯಮದ ಎಷ್ಟೋ ತರಬೇತಿಗಳು ಈ ದುಡ್ಡಿನವು. ವಾರ್ತಾ ಇಲಾಖೆ ಪರಿಶಿಷ್ಟರಿಗೆ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ತೆಗೆದುಕೊಳ್ಳುತ್ತದೆ. ಸಿನಿಮಾ ಬಿಟ್ಟು ಸುದ್ದಿ ಕಡೆ ಮನಸ್ಸಿದ್ದವರಿಗೆ ಅದು ಒಳ್ಳೆ ದಾರಿ. ಪೇಪರಿನಲ್ಲಿ ಬರುವ ಸಣ್ಣ ಪ್ರಕಟಣೆ ನೋಡುತ್ತಿರಿ. ಕೊನೆ ದಿನಾಂಕ ಹತ್ತಿರವೇ ಇರುತ್ತದೆ. ಕಾಗದ ಮೊದಲೇ ರೆಡಿ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಹುಡುಗಿಯರಿಗೆ ಒಂದು ಮಾತು. ಮುಂಬೈನಲ್ಲಿ ಮೇಕಪ್ ಕಲಾವಿದೆಯರಿಗೆ ಸಂಘದ ಕಾರ್ಡೇ ಕೊಡುತ್ತಿರಲಿಲ್ಲ. ಹೆಂಗಸರು ಕೂದಲು ಬಾಚಿದರೆ ಸಾಕು, ಬಣ್ಣ ಗಂಡಸರೇ ಹಚ್ಚಬೇಕು ಅಂತಿತ್ತು. ಸುಪ್ರೀಂ ಕೋರ್ಟ್ ಅದನ್ನು ತಪ್ಪು ಅಂದದ್ದು 2014ರ ನವೆಂಬರ್‌ನಲ್ಲಿ. ಹಾಗಾಗಿ "ಬೂಮ್ ಭಾರ ಕಣಮ್ಮಾ, ನಿನ್ನ ಕೈಲಾಗಲ್ಲ" ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಬಿಂದಿಗೆ ಹೊತ್ತವರು ನಾವು, ಅಲ್ವಾ?

ಕೋರ್ಸ್ ಮುಗಿದ ಮೇಲಿನ ವರ್ಷ ಕಷ್ಟ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸ್ಕಾಲರ್‌ಶಿಪ್ ನಿಂತಿರುತ್ತದೆ, ಹಾಸ್ಟೆಲ್ ಖಾಲಿ ಮಾಡಬೇಕು. ಸೆಟ್ಟಿನಲ್ಲಿ ಅಸಿಸ್ಟೆಂಟಿಗೆ ಮೊದಮೊದಲು ಊಟ, ಆಟೋ ಚಾರ್ಜು ಅಷ್ಟೇ. ನನಗೆ ಆರು ತಿಂಗಳು ಹಾಗೇ ಹೋಯಿತು. ಚಾನೆಲ್ ಅಥವಾ ದೊಡ್ಡ ಸ್ಟುಡಿಯೋಗೆ ಅರ್ಜಿ ಹಾಕುವಾಗ "ನ್ಯಾಟ್ಸ್ ಅಪ್ರೆಂಟಿಸ್ ತಗೊಳ್ತೀರಾ ಸರ್" ಅಂತ ಕೇಳಿ. ನ್ಯಾಟ್ಸ್ ಅಂದರೆ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆ. ಆ ಯೋಜನೆಯಲ್ಲಿ ಡಿಪ್ಲೊಮಾದವರ ಸ್ಟೈಪೆಂಡಿಗೆ ಕೇಂದ್ರ ಸರ್ಕಾರವೂ ಪಾಲು ಕೊಡುತ್ತದೆ. ಕೆಲಸ ಸಿಗದೆ ಆರು ತಿಂಗಳಾದರೆ ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ ಇದೆ. ನಾನು ಮಾಡಿದ ಒಂದೇ ಜಾಣತನ ಅಂದರೆ, ಆ ಹಳೇ ಖಾತೆಯಲ್ಲಿ ಸಿಕ್ಕ ದುಡ್ಡನ್ನು ಮುಟ್ಟದೆ ಇಟ್ಟದ್ದು. ಅದರಲ್ಲೇ ಒಂದು ಒಳ್ಳೆ ಹೆಡ್‌ಫೋನ್ ತಗೊಂಡೆ. ಉಳಿದದ್ದು ನಾಲ್ಕು ತಿಂಗಳ ಬಾಡಿಗೆ ಆಯಿತು.

ನಾಡಕಚೇರಿಗೆ ಬೆಳಿಗ್ಗೆ ಹತ್ತಕ್ಕೇ ಹೋಗಿ. ಮಧ್ಯಾಹ್ನದ ಮೇಲೆ ಕ್ಯೂ ಜಾಸ್ತಿ.