ಕ್ಯಾಂಪ್‌ಫೈರ್‌ಗೆ ಪೆಟ್ರೋಲ್ ಬೇಡ ಗುರು, ಪುಳ್ಳೆ ಸಾಕು

ಕನಕಪುರ ರೋಡ್ ಕಡೆ ಫ್ರೆಂಡ್ ತೋಟದಲ್ಲಿ ಮೊದಲ್ನೇ ಸಲ ಟೆಂಟ್ ಹಾಕಿದಾಗ ಐದು ಜನ ಸೇರಿ ಒಂದೂವರೆ ಗಂಟೆ ಒದ್ದಾಡಿದ್ವಿ, ತೊಡೆ ದಪ್ಪ ನೀಲಗಿರಿ ತುಂಡು ಪೇರಿಸಿ ಕೆಳಗೆ ಪೇಪರ್ ತುರುಕಿ ಏನ್ ಮಾಡಿದ್ರೂ ಬರೀ ಹೊಗೆ, ಕೊನೆಗೆ ಒಬ್ಬ ಬೈಕಿಂದ ಪೆಟ್ರೋಲ್ ತಂದು ಸುರಿದ, ಭಗ್ ಅಂತ ಎದ್ದು ಅವನ ಹುಬ್ಬು ಸುಟ್ಟು ಎರಡೇ ನಿಮಿಷಕ್ಕೆ ಆರೋಯ್ತು. ಆಮೇಲೆ ತೋಟ ನೋಡ್ಕೊಳ್ಳೋ ಅಜ್ಜಿ ಬಂದು ಒಂದು ಹಿಡಿ ತೆಂಗಿನ ನಾರು, ಎರಡು ಹಿಡಿ ಪುಳ್ಳೆ ಇಟ್ಟು ಒಂದೇ ಕಡ್ಡೀಲಿ ಹಚ್ಚಿ ಹೋದ್ರು. ಈಗ ನಾನು ಮಾಡೋದೂ ಅದನ್ನೇ.

ಮೊದ್ಲು ಜಾಗದ ವಿಷ್ಯ. ಸಾವನದುರ್ಗ, ಸ್ಕಂದಗಿರಿ ತರದ ಅರಣ್ಯ ಇಲಾಖೆ ಜಾಗದಲ್ಲಿ ಬೆಂಕಿ ಹಚ್ಚೋ ಹಾಗೇ ಇಲ್ಲ, ಚಿಕ್ಕದು ಅಂತಾನೂ ಇಲ್ಲ. 2019ರ ಫೆಬ್ರವರೀಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿದ್ದು ನೆನಪಿರ್ಬೇಕಲ್ಲ. ಪರ್ಮಿಷನ್ ಇರೋ ತೋಟ, ಕ್ಯಾಂಪ್‌ಸೈಟ್‌ನಲ್ಲಿ ಮಾತ್ರ ಹಚ್ಚಿ, ಅಲ್ಲೂ ಗಾಳಿ ಜೋರಾಗಿದ್ರೆ ಬಿಟ್ಬಿಡಿ. ತರಗೆಲೆ ಎಲ್ಲ ಗುಡಿಸಿ ಬರೀ ಮಣ್ಣು ಕಾಣೋ ಹಾಗೆ ಮಾಡ್ಕೊಳ್ಳಿ, ಟೆಂಟ್ ದೂರ ಇರ್ಲಿ, ಒಂದೇ ಒಂದು ಕಿಡಿ ಸಾಕು ನೈಲಾನ್ ತೂತಾಗೋಕೆ. ಬಂಡೆ ಮೇಲೆ ಹಚ್ಚಿದ್ರೆ ಸೇಫ್ ಅಂದ್ಕೋಬೇಡಿ, ನಮ್ಮ ಕಡೆ ಕಲ್ಲು ಒಡೆಯೋರು ಬಂಡೆ ಮೇಲೆ ಬೆಂಕಿ ಹಾಕಿಯೇ ಚಪ್ಪಡಿ ಎಬ್ಬಿಸ್ತಿದ್ರು, ಕಾದ್ರೆ ಚಕ್ಕೆ ಸಿಡಿಯುತ್ತೆ. ಹೊಳೆಯಿಂದ ತಂದ ಒದ್ದೆ ಗುಂಡುಕಲ್ಲೂ ಅಷ್ಟೇ. ಇನ್ನೊಂದು, ತಲೆ ಎತ್ತಿ ಮೇಲೆ ನೋಡಿ, ಮರದಲ್ಲೋ ಬಂಡೆ ಸಂದೀಲೋ ಹೆಜ್ಜೇನು ಕಟ್ಟಿದ್ರೆ ಸುಮ್ನೆ ಜಾಗ ಖಾಲಿ ಮಾಡಿ, ಹೊಗೆ ತಾಗಿ ಅದು ಎದ್ರೆ ಓಡೋಕೂ ಟೈಮ್ ಸಿಗಲ್ಲ.

ಸೌದೆ ಆರಿಸೋದ್ರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತೆ. ನಾಲ್ಕು ಗುಡ್ಡೆ ಮಾಡಿ: ನಾರು ಇಲ್ಲಾ ಒಣ ಗರಿ, ಅಗರಬತ್ತಿ ದಪ್ಪದ ಪುಳ್ಳೆ, ಪೆನ್ಸಿಲ್ ದಪ್ಪ, ಹೆಬ್ಬೆರಳು ದಪ್ಪ. ಪುಳ್ಳೆ ಬಗ್ಗಿಸಿದ್ರೆ ಲಟಕ್ ಅಂತ ಮುರೀಬೇಕು, ಬಾಗಿದ್ರೆ ಹಸಿ ಅಂತ ಅರ್ಥ, ಎಸೀರಿ. ಸಾಕು ಅನ್ಸಿದ್ಮೇಲೆ ಇನ್ನೂ ಅಷ್ಟೇ ತನ್ನಿ, ಉರೀತಿರೋ ಬೆಂಕಿ ಬಿಟ್ಟು ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಹುಡುಕೋ ಕರ್ಮ ಬೇಡ. ಮಳೆಗಾಲದಲ್ಲಿ ನೆಲದ್ದು ಬಿಟ್ಟು ಕೊಂಬೆಗೆ ಸಿಕ್ಕಾಕೊಂಡು ಒಣಗಿರೋದು ತಗೊಳ್ಳಿ, ಜೊತೆಗೆ ಎರಡು ಬಿಲ್ಲೆ ಕರ್ಪೂರ. ಕಣಗಿಲೆ ಮಾತ್ರ ಯಾವತ್ತೂ ಬೇಡ, ಅದರ ಹೊಗೇನೂ ವಿಷ. ಕೆಂಡಕ್ಕೆ ಜಾಲಿ, ತೆಂಗಿನ ಕರಟ ಸೂಪರ್.

ಒಂದು ದಪ್ಪ ತುಂಡು ಅಡ್ಡ ಮಲಗಿಸಿ, ಪಕ್ಕದಲ್ಲಿ ನಾರಿನ ಉಂಡೆ, ಅದರ ಮೇಲೆ ತುಂಡಿಗೆ ಒರಗಿಸಿ ಪುಳ್ಳೆ, ಮಧ್ಯ ಗಾಳಿ ಆಡೋಕೆ ಸಂದು ಬಿಡಿ. ಗಾಳಿಗೆ ಬೆನ್ನು ಮಾಡಿ ಕೂತು ಹಚ್ಚಿ, ಉರಿ ತಾನಾಗೇ ಪುಳ್ಳೆ ಒಳಗೆ ನುಗ್ಗುತ್ತೆ. ಚಟಪಟ ಶುರುವಾದ್ಮೇಲೇ ಪೆನ್ಸಿಲ್ ದಪ್ಪದ್ದು, ಆಮೇಲೆ ಹೆಬ್ಬೆರಳು. ಎಲ್ರೂ ಎಡವೋದು ಇಲ್ಲೇ, ಆತುರಕ್ಕೆ ದೊಡ್ಡದು ಹೇರಿ ಉಸಿರು ಕಟ್ಟಿಸ್ತಾರೆ. ಊದೋದಾದ್ರೆ ಬುಡಕ್ಕೆ, ನಿಧಾನ. ಉದ್ದ ಸೌದೆ ಕಡಿಯೋಕೂ ಹೋಗ್ಬೇಡಿ, ಒಲೆ ತರ ತುದಿ ಒಳಗಿಟ್ಟು ಉರಿದ ಹಾಗೆ ತಳ್ತಾ ಇರಿ.

ಅಡುಗೆ ಉರಿ ಮೇಲಲ್ಲ, ಕೆಂಡದ ಮೇಲೆ. ಪಾತ್ರೆ ಹೊರಗಡೆ ಬೂದಿ ಕಲಸಿ ಬಳಿದ್ರೆ ಮಸಿ ತೊಳೆಯೋದು ಸುಲಭ.

ಟೆಂಟ್ ತೆಂಗಿನ ಮರದ ಕೆಳಗೆ ಹಾಕ್ಬೇಡಿ, ನಗಬೇಡಿ, ಹಾಕಿರೋರನ್ನ ನೋಡಿದೀನಿ. ಬೆಳಗ್ಗೆ ಶೂ ಕೊಡವಿ ಹಾಕ್ಕೊಳ್ಳಿ, ಚೇಳು ಇರ್ಬಹುದು. ದಿಕ್ಕು ಬೇಕಂದ್ರೆ ಧ್ರುವ ನಕ್ಷತ್ರ ತೀರಾ ಮೇಲೆ ಹುಡುಕ್ಬೇಡಿ, ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಅದೂ ದಿಗಂತದಿಂದ ಅಷ್ಟೇ ಎತ್ತರ, ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಮೇಲೆ. ನಡುವೆ ಗುಡ್ಡ ಇದ್ರೆ ಕಾಣೋದೇ ಇಲ್ಲ.

ಹಚ್ಚೋಕೆ ಮುಂಚೇನೇ ಒಂದು ಕ್ಯಾನ್ ನೀರು ಪಕ್ಕದಲ್ಲಿರ್ಲಿ. ಮಲಗೋ ಮುಂಚೆ ಸುರಿದು, ಕೋಲಲ್ಲಿ ಕೆದಕಿ, ಮತ್ತೆ ಸುರೀರಿ. ಬರೀ ಮಣ್ಣು ಮುಚ್ಚಿದ್ರೆ ಕೆಂಡ ಒಳಗೇ ಬೆಳಗ್ಗೆ ತನಕ ಜೀವ ಹಿಡ್ಕೊಂಡಿರುತ್ತೆ. ಕೈ ಹಿಂಭಾಗ ಬೂದಿ ಹತ್ರ ಹಿಡಿದು ನೋಡಿ, ಬಿಸಿ ತಾಗಿದ್ರೆ ಇನ್ನೊಂದು ಬಕೆಟ್.