ಅಭ್ಯರ್ಥಿಗಳಿಂದ ಮುಚ್ಚಳಿಕೆ ಬರೆಸಿಕೊಂಡದ್ದು

ವಿದ್ಯುತ್ ದರ ಏರಿಕೆಯ ಪ್ರಸ್ತಾವದ ಮೇಲೆ ಮೈಸೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗಲೆಲ್ಲ ನಾನು ಆಕ್ಷೇಪಣೆ ಸಲ್ಲಿಸುತ್ತ ಬಂದಿದ್ದೇನೆ. ಅಲ್ಲಿಗೆ ರೈತರು ಬರುತ್ತಾರೆ, ಸಣ್ಣ ಕೈಗಾರಿಕೆಯವರು ಬರುತ್ತಾರೆ, ನನ್ನಂಥ ನಿವೃತ್ತ ಮೇಷ್ಟರು ಬರುತ್ತಾರೆ. ನಾನು ಹೋದ ದಿನಗಳಲ್ಲಿ ಒಬ್ಬ ಜನಪ್ರತಿನಿಧಿಯನ್ನೂ ಕಾಣಲಿಲ್ಲ. ಇದಕ್ಕೆ ಚುನಾವಣೆಯ ದುಡ್ಡೇ ಕಾರಣವೆಂದು ನಾನು ಹೇಳಲಾರೆ. ಆದರೆ ಅಂಥ ಅನುಮಾನಕ್ಕೆ ಎಡೆ ಕೊಡಬೇಡಿ ಎಂದು ಕೇಳುವ ಹಕ್ಕು ಬಿಲ್ಲು ಕಟ್ಟುವ ಪ್ರತಿಯೊಬ್ಬರಿಗೂ ಇದೆ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ನಮ್ಮ ಬಡಾವಣೆಯ ಆರು ಮಂದಿ ಸೇರಿ, ಅಭ್ಯರ್ಥಿಗಳಿಂದ ಸಹಿ ಹಾಕಿಸಿಕೊಳ್ಳಲು ಒಂದು ಮುಚ್ಚಳಿಕೆ ಬರೆದೆವು: 'ವಿದ್ಯುತ್ ಕಂಪನಿಗಳಿಂದ ದೇಣಿಗೆ ಪಡೆಯುವುದಿಲ್ಲ.' ಪಕ್ಕದ ಬೀದಿಯ ವಕೀಲರು ಅದನ್ನು ಓದಿ, ಇದರಿಂದ ಉಪಯೋಗವಿಲ್ಲ ಎಂದರು. ನಮಗೆ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಸರ್ಕಾರಿ ಕಂಪನಿ. 2013ರ ಕಂಪನಿ ಕಾಯ್ದೆಯ 182ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕಂಪನಿ ರಾಜಕೀಯ ದೇಣಿಗೆ ಕೊಡುವಂತೆಯೇ ಇಲ್ಲ. ಹಾಗಾದರೆ ನಾವು ಕೇಳಬೇಕಾದದ್ದು ಯಾರ ದುಡ್ಡಿನ ಬಗ್ಗೆ? ನಿಗಮಕ್ಕೆ ಕರೆಂಟು ಮಾರುವ ಖಾಸಗಿ ಉತ್ಪಾದಕರು, ಮೀಟರು ಮತ್ತು ಟ್ರಾನ್ಸ್‌ಫಾರ್ಮರು ಪೂರೈಸುವವರು, ಕಂಬ ನೆಟ್ಟು ತಂತಿ ಎಳೆಯುವ ಗುತ್ತಿಗೆದಾರರು, ಬೀದಿದೀಪ ಹಾಗೂ ಕುಡಿಯುವ ನೀರಿನ ಕಾಮಗಾರಿ ಹಿಡಿದವರು. ಎರಡು ಸಂಜೆ ಕುಳಿತು ಇವರೆಲ್ಲರನ್ನೂ ಸೇರಿಸಿದೆವು. ನಗದಿನ ಜೊತೆಗೆ ಪ್ರಚಾರದ ವಾಹನ, ಪೆಂಡಾಲು, ಊಟದ ಖರ್ಚನ್ನೂ ಬರೆದೆವು.

ನಾಮಪತ್ರಕ್ಕೆ ಮುಂಚೆಯೇ, ಬೆಳಗ್ಗೆ ಏಳಕ್ಕೆ ಚುನಾವಣೆಗೆ ನಿಲ್ಲುವವರ ಮನೆಗಳಿಗೆ ಹೋದೆವು. ಪ್ರಚಾರ ಶುರುವಾದ ಮೇಲೆ ಯಾರಿಗೂ ಕುಳಿತು ಓದುವ ವ್ಯವಧಾನ ಇರುವುದಿಲ್ಲ. ಒಬ್ಬರು ಓದದೆಯೇ ಸಹಿಗೆ ಪೆನ್ನು ತೆಗೆದರು. ನಾನು ತಡೆದು ಪೂರ್ತಿ ಓದಿ ಹೇಳಿದ ಮೇಲೆ ಹಿಂಜರಿದರು. ಬೇಸರವಾಯಿತು, ಆದರೂ ಓದದೆ ಹಾಕಿದ ಸಹಿ ನಮಗೆ ಬೇಕಿರಲಿಲ್ಲ. ಇನ್ನೊಬ್ಬರು ಎರಡು ಸಲ ಓದಿ ಕೇಳಿದರು: "ಮೇಷ್ಟರೇ, ನಾನು ಬೇಡ ಎನ್ನುತ್ತೇನೆ. ಅವರು ಪಕ್ಷಕ್ಕೇ ಕೊಟ್ಟರೆ ನಾನೇನು ಮಾಡಲಿ?" ಆಗ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವ ಚುನಾವಣಾ ಬಾಂಡ್ ಜಾರಿಯಲ್ಲಿತ್ತು, ಯಾರು ಯಾವ ಪಕ್ಷಕ್ಕೆ ಕೊಟ್ಟರೆಂದು ಜನರಿಗೆ ತಿಳಿಯುತ್ತಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಸಹಿ ಹಾಕಿದರು.

ಫಲಿತಾಂಶ ಬಂದ 30 ದಿನಗಳೊಳಗೆ ಅಭ್ಯರ್ಥಿಗಳು ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಒಂದು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ದೇಣಿಗೆ ಕೊಟ್ಟವರ ವಿವರವೂ ಅದರಲ್ಲಿ ಇರುತ್ತದೆ. ಮಾಹಿತಿ ಹಕ್ಕಿನಡಿ ಪಡೆದ ಗುತ್ತಿಗೆದಾರರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಸಹಿ ಹಾಕಿದವರ ಲೆಕ್ಕವನ್ನು ಹೆಸರು ಹೆಸರಾಗಿ ತಾಳೆ ನೋಡಿದೆ. ಆ ಪಟ್ಟಿಯ ಯಾವ ಹೆಸರೂ ಸಿಗಲಿಲ್ಲ. ಹೊರಗೆ ಬಂದು ಅವರಿಗೆ ಫೋನ್ ಮಾಡಿ ಹೇಳಿದೆ.

ಅವರ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನು ರದ್ದುಪಡಿಸಿತು. ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿಯನ್ನು ಚುನಾವಣಾ ಆಯೋಗಕ್ಕೆ ಕೊಡಬೇಕು. ಹಾಗಾಗಿ ಮುಚ್ಚಳಿಕೆಗೆ ಒಂದು ಸಾಲು ಸೇರಿಸಿದ್ದೇವೆ: 'ಪಕ್ಷದ ಪಟ್ಟಿಯಲ್ಲಿ ಇಂಥವರ ಹೆಸರು ಕಂಡರೆ, ಆ ಹಣ ಹಿಂದಿರುಗಿಸುವಂತೆ ಪಕ್ಷಕ್ಕೆ ಪತ್ರ ಬರೆದು, ಪ್ರತಿಯನ್ನು ಮತದಾರರಿಗೆ ಕೊಡುತ್ತೇನೆ.' ಪಾಲಿಕೆ ಚುನಾವಣೆಗೆ ನಿಲ್ಲಬೇಕೆಂದಿರುವವರ ಮನೆಗಳಿಗೆ ಈ ಕಾಗದವನ್ನು ಹಿಡಿದು ಹೋಗುತ್ತಿದ್ದೇವೆ.